ಸೊನ್ನೆ ತುಂಬಿದ ಫಾರಂಗಳು: ಬಾಣಂತಿಯರ ಖಿನ್ನತೆ ಅಳೆಯಲು ಹೊರಟ ಒಂದು ತಂಡದ ಪ್ರಕರಣ ಅಧ್ಯಯನ

ಹೆರಿಗೆಯ ನಂತರದ ಖಿನ್ನತೆ ಅಲ್ಪಸಂಖ್ಯಾತ ಸಮುದಾಯದ ತಾಯಂದಿರಲ್ಲಿ ಎಷ್ಟಿದೆ, ಉಳಿದವರಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಲು ಒಂದು ಸಂಶೋಧನಾ ತಂಡ ಹೊರಟಿತ್ತು. ಮೊದಲ ಸುತ್ತಿನಲ್ಲಿ ಬಂದ ಫಲಿತಾಂಶ ಎಲ್ಲರ ನಿರೀಕ್ಷೆಗೆ ಉಲ್ಟಾ ಇತ್ತು. ಅದನ್ನು ಹಾಗೆಯೇ ಪ್ರಕಟಿಸಿಬಿಡುವುದು ಸುಲಭವಿತ್ತು. ತಂಡ ಹಾಗೆ ಮಾಡಲಿಲ್ಲ. ಯಾಕೆ ಮಾಡಲಿಲ್ಲ, ಆಮೇಲೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆ ತಂಡದ ಸಲಹಾ ಸಮಿತಿಯಲ್ಲಿದ್ದೆ. ಬರೆಯಲು ತಂಡದ ಒಪ್ಪಿಗೆ ಇದೆ. ಊರು, ಆಸ್ಪತ್ರೆ, ಸಮುದಾಯ ಯಾವುದು ಎಂದು ಹೇಳುವುದಿಲ್ಲ. ವ್ಯಕ್ತಿಗಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಧ್ಯಯನದ ಅಂಕಿಗಳನ್ನೂ ಕೊಟ್ಟಿಲ್ಲ. ಅಂಕಿ ಹಿಡಿದು ಹುಡುಕಿದರೆ ಸಮುದಾಯ ಯಾವುದು ಅಂತ ಯಾರಾದರೂ ಪತ್ತೆ ಮಾಡಬಹುದು. ಆ ತಾಯಂದಿರಿಗೆ ಕೊಟ್ಟ ಮಾತು ಅದಕ್ಕಿಂತ ದೊಡ್ಡದು.

ಹಿನ್ನೆಲೆ

ದೊಡ್ಡ ನಗರದ ಒಂದು ದೊಡ್ಡ ಹೆರಿಗೆ ಆಸ್ಪತ್ರೆ. ನಗರದ ಒಂದು ಮೂಲೆಯಲ್ಲಿ, ಎರಡು ತಲೆಮಾರಿನ ಹಿಂದೆ ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಒಂದು ಸಮುದಾಯ. ಅವರ ಮನೆಮಾತು ಬೇರೆ, ಧರ್ಮ ಬೇರೆ. ಹೆರಿಗೆಗೆ ಎಲ್ಲರೂ ಬರುವುದು ಇದೇ ಆಸ್ಪತ್ರೆಗೆ. ಆದರೆ ಅಲ್ಲಿನ ಡಾಕ್ಟರು, ನರ್ಸ್‌ಗಳಲ್ಲಿ ಆ ಸಮುದಾಯದವರು ಇಲ್ಲವೆನ್ನುವಷ್ಟು ಕಡಿಮೆ.

ತಂಡದ ಮುಖ್ಯಸ್ಥೆ ಒಬ್ಬ ಮನೋವೈದ್ಯೆ. ಜೊತೆಗೆ ಒಬ್ಬ ಅಂಕಿಅಂಶ ತಜ್ಞ, ಇಬ್ಬರು ಕಿರಿಯ ಸಂಶೋಧಕಿಯರು, ಸಂದರ್ಶನ ಮಾಡಲು ಕೆಲವು ನರ್ಸ್‌ಗಳು. ಎಲ್ಲರೂ ಅನುಭವಸ್ಥರು, ವಿಷಯದ ಬಗ್ಗೆ ಕಾಳಜಿ ಇದ್ದವರು. ಆದರೆ ಅವರು ಅಧ್ಯಯನ ಮಾಡಲು ಹೊರಟಿದ್ದ ಸಮುದಾಯದವರು ತಂಡದಲ್ಲಿ ಒಬ್ಬರೂ ಇರಲಿಲ್ಲ.

ಈ ಅಧ್ಯಯನ ಯಾಕೆ ಬೇಕಿತ್ತು ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಗರ್ಭಿಣಿಯರ ಪೈಕಿ ಸುಮಾರು ಶೇ. 10, ಬಾಣಂತಿಯರ ಪೈಕಿ ಸುಮಾರು ಶೇ. 13 ಮಂದಿಗೆ ಮಾನಸಿಕ ಕಾಯಿಲೆ ಇರುತ್ತದೆ. ಅದರಲ್ಲಿ ಖಿನ್ನತೆಯದೇ ದೊಡ್ಡ ಪಾಲು. ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಶೇ. 15.6 ಮತ್ತು ಶೇ. 19.8ಕ್ಕೆ ಏರುತ್ತದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಬಂದು ಎರಡು ವಾರದೊಳಗೆ ತಾನಾಗಿ ಹೋಗುವ ಅಳು, ಬೇಸರ ಬೇರೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವ ಕಾಯಿಲೆ. ಚಿಕಿತ್ಸೆ ಇದೆ, ಗುಣವಾಗುತ್ತದೆ. ಆದರೆ ಆ ಚಿಕಿತ್ಸೆ ಎಲ್ಲ ತಾಯಂದಿರಿಗೂ ಒಂದೇ ಥರ ಸಿಗುವುದಿಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಉದಾಹರಣೆ ನೋಡಿ. ಅಲ್ಲಿ 2006ರಲ್ಲಿ ಎಲ್ಲ ಬಾಣಂತಿಯರಿಗೂ ಖಿನ್ನತೆಯ ತಪಾಸಣೆ ಕಡ್ಡಾಯ ಎಂದು ಕಾನೂನು ಬಂತು. ಆ ವರ್ಷಗಳಲ್ಲಿ ಸರ್ಕಾರಿ ವಿಮೆ ಇದ್ದ ಬಡ ತಾಯಂದಿರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆರಿಗೆಯ ನಂತರ ಮಾನಸಿಕ ಚಿಕಿತ್ಸೆ ಶುರು ಮಾಡಿದವರು ಬಿಳಿಯ ತಾಯಂದಿರಲ್ಲಿ ಶೇ. 9, ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ತಾಯಂದಿರಲ್ಲಿ ಶೇ. 5, ಕಪ್ಪು ತಾಯಂದಿರಲ್ಲಿ ಶೇ. 4. ಬಡತನ ಎಲ್ಲರಿಗೂ ಇತ್ತು, ವಿಮೆಯೂ ಎಲ್ಲರಿಗೂ ಇತ್ತು. ಆದರೂ ಇಷ್ಟು ಅಂತರ. ನಮ್ಮ ತಂಡದ ಮುಖ್ಯಸ್ಥೆಗೆ ಕೆಲಸದ ಹುಮ್ಮಸ್ಸು ಬಂದದ್ದು ಇಂಥ ಅಂತರಗಳನ್ನು ನೋಡಿಯೇ.

ಅಳೆಯಲು ಅವರು ಆರಿಸಿಕೊಂಡದ್ದು ಎಡಿನ್‌ಬರ್ಗ್ ಪ್ರಶ್ನಾವಳಿ. ಜಾನ್ ಕಾಕ್ಸ್, ಜೆನಿ ಹೋಲ್ಡನ್, ರೂತ್ ಸಗೋವ್‌ಸ್ಕಿ ಎಂಬ ಮೂವರು 1987ರಲ್ಲಿ ಪ್ರಕಟಿಸಿದ್ದು ಇದು. ಕಳೆದ ಏಳು ದಿನ ಹೇಗಿದ್ದಿರಿ ಎಂದು ಹತ್ತು ಪ್ರಶ್ನೆ ಕೇಳುತ್ತಾರೆ. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 30. ಜಾಸ್ತಿ ಅಂಕ ಬಂದರೆ ಖಿನ್ನತೆಯ ಸಾಧ್ಯತೆ ಜಾಸ್ತಿ. ಹಲವರು 13 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಹಲವು ದೇಶಗಳ ಡೇಟಾ ಒಟ್ಟು ಸೇರಿಸಿ 2020ರಲ್ಲಿ ಮಾಡಿದ ವಿಶ್ಲೇಷಣೆ, ಹೀಗೆ ಕಳಿಸಲು 11 ಅಂಕವೇ ಉತ್ತಮ ಗೆರೆ ಎಂದು ತೋರಿಸಿತು. ಇದು ಕಾಯಿಲೆ ಇದೆ ಎಂದು ತೀರ್ಮಾನಿಸುವ ಪರೀಕ್ಷೆಯಲ್ಲ, ಯಾರನ್ನು ಇನ್ನಷ್ಟು ಗಮನಿಸಬೇಕು ಎಂದು ತೋರಿಸುವ ಜರಡಿ ಮಾತ್ರ.

ಹತ್ತನೇ ಪ್ರಶ್ನೆ ಮಾತ್ರ ಬೇರೆಯೇ ತೂಕದ್ದು. ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಎಂದು ಅದು ಕೇಳುತ್ತದೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಈ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅವತ್ತೇ ಗಮನ ಕೊಡಬೇಕು.

ಹೆರಿಗೆಯಾಗಿ ಆರು ವಾರಕ್ಕೆ ಮಗುವನ್ನು ಲಸಿಕೆಗೆ ಕರೆತಂದಾಗ ಅಲ್ಲೇ ಸಂದರ್ಶನ ಮಾಡುವುದು ಎಂದು ಏರ್ಪಾಟಾಯಿತು. ಭಾಷೆ ಗೊತ್ತಿಲ್ಲದ ತಾಯಂದಿರಿಗೆ ಜೊತೆಗೆ ಬಂದ ಸಂಬಂಧಿಕರೇ ಪ್ರಶ್ನೆಗಳನ್ನು ತಿಳಿಸಿ ಹೇಳುತ್ತಿದ್ದರು. ಗಂಡ, ಅತ್ತೆ, ನಾದಿನಿ, ಯಾರು ಬಂದಿದ್ದರೋ ಅವರು.

ಉಲ್ಟಾ ಬಂದ ಫಲಿತಾಂಶ

ಮೊದಲ ಸುತ್ತು ಮುಗಿಯಿತು. ಲೆಕ್ಕ ಹಾಕಿದರೆ ಅಲ್ಪಸಂಖ್ಯಾತ ತಾಯಂದಿರಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಎದ್ದು ಕಾಣುವಷ್ಟು ಕಡಿಮೆ.

ಇದಕ್ಕೆ ವಿವರಣೆಯೂ ಬೇಗ ಸಿಕ್ಕಿತು. ಕೂಡು ಕುಟುಂಬ, ಮನೆ ತುಂಬ ಹೆಂಗಸರು, ಬಾಣಂತಿಯನ್ನು ನೋಡಿಕೊಳ್ಳಲು ಹತ್ತು ಕೈ. ಹಾಗಾಗಿ ಅವರು ಆರಾಮಾಗಿದ್ದಾರೆ. ಕೇಳಲು ಚೆನ್ನಾಗಿತ್ತು, ಗೌರವದ ಮಾತಿನ ಹಾಗೂ ಇತ್ತು. ಸಮ್ಮೇಳನಕ್ಕೆ ಕಳಿಸುವ ಸಾರಾಂಶದಲ್ಲಿ ಇದೇ ವಿವರಣೆ ಬರೆದಿದ್ದರು.

ಅಂಕಿಅಂಶ ತಜ್ಞನಿಗೆ ಮಾತ್ರ ಸಮಾಧಾನ ಇರಲಿಲ್ಲ. ಆತ ಸರಾಸರಿ ಬಿಟ್ಟು ಒಂದೊಂದೇ ಫಾರಂ ತೆಗೆದು ನೋಡತೊಡಗಿದ. ಅಲ್ಪಸಂಖ್ಯಾತ ತಾಯಂದಿರ ಫಾರಂಗಳಲ್ಲಿ ಹತ್ತಕ್ಕೆ ಹತ್ತೂ ಸೊನ್ನೆ ಇದ್ದವು ತುಂಬಾ ಇದ್ದವು. ಸ್ವಲ್ಪ ಯೋಚಿಸಿ ನೋಡಿ. ಆರು ವಾರದ ಕೂಸು ಮಡಿಲಲ್ಲಿರುವ ತಾಯಿ. ಯಾವುದೋ ಒಂದು ದಿನ ಕೆಲಸ ತಲೆ ಮೇಲೆ ಬಿದ್ದಂತೆ ಅನಿಸಿರುತ್ತದೆ, ಕಾರಣವಿಲ್ಲದೆ ಗಾಬರಿಯಾಗಿರುತ್ತದೆ. ಆರೋಗ್ಯವಾಗಿರುವ ತಾಯಿಗೂ ನಾಲ್ಕೈದು ಅಂಕ ಬರುವುದು ಸಹಜ, ಅಲ್ವಾ? ಬಹುಸಂಖ್ಯಾತ ತಾಯಂದಿರ ಫಾರಂಗಳಲ್ಲಿ ಹಾಗೆಯೇ ಇತ್ತು. ಇಲ್ಲಿ ಮಾತ್ರ ಸಾಲು ಸಾಲು ಸೊನ್ನೆ.

ಇನ್ನೂ ಎರಡು ಸಂಗತಿ ಹೊಂದುತ್ತಿರಲಿಲ್ಲ. ತಲೆನೋವು, ಎದೆ ಹೊಡೆದುಕೊಳ್ಳುವುದು, ಮೈಕೈ ಉರಿ, ಬೆನ್ನು ನೋವು ಎಂದು ಇದೇ ತಾಯಂದಿರು ಹೊರರೋಗಿ ವಿಭಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದರು. ಪರೀಕ್ಷೆ ಮಾಡಿದರೆ ಏನೂ ಸಿಗುತ್ತಿರಲಿಲ್ಲ. ಎಡಿನ್‌ಬರ್ಗ್ ಪ್ರಶ್ನಾವಳಿಯಲ್ಲಿ ಮೈ ನೋವು, ಸುಸ್ತಿನ ಪ್ರಶ್ನೆಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಹೆರಿಗೆಯಾದವರಿಗೆ ಸುಸ್ತು ಇದ್ದೇ ಇರುತ್ತದೆ, ಅದನ್ನು ಖಿನ್ನತೆ ಎಂದು ಎಣಿಸಬಾರದು ಎಂಬುದು ಕಾರಣ. ಆ ತೀರ್ಮಾನ ಸರಿಯಾದದ್ದೇ. ಆದರೆ ಮನಸ್ಸಿನ ಸಂಕಟವನ್ನು ಮೈ ನೋವಾಗಿ ಹೇಳಿಕೊಳ್ಳುವವರು ಈ ಫಾರಂನಲ್ಲಿ ಕಾಣದೇ ಹೋಗುತ್ತಾರೆ. ಎರಡನೆಯದಾಗಿ, ಮೂರು ತಿಂಗಳ ನಂತರದ ಸಂದರ್ಶನಕ್ಕೆ ಬರದೇ ಉಳಿದವರಲ್ಲೂ ಈ ಸಮುದಾಯದವರೇ ಜಾಸ್ತಿ. ನಿಜಕ್ಕೂ ಆರಾಮಾಗಿದ್ದರೆ ತಪ್ಪಿಸಿಕೊಳ್ಳುವುದು ಯಾಕೆ?

ಪ್ರಕಟಿಸುವುದೋ, ನಿಲ್ಲಿಸುವುದೋ

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಕಷ್ಟದ ತೀರ್ಮಾನ ಇಲ್ಲಿತ್ತು. ಸಭೆ ನಡೆಯಿತು. ಕಿರಿಯ ಸಂಶೋಧಕಿಯರಲ್ಲಿ ಒಬ್ಬರು ಹೇಳಿದ್ದು ಹೀಗೆ: ಡೇಟಾ ಬಂದಿದೆ, ಕೊರತೆಗಳನ್ನೂ ಬರೆದು ಪ್ರಕಟಿಸೋಣ, ಓದುವವರು ತೀರ್ಮಾನಿಸಲಿ. ಅದರಲ್ಲಿ ಅಪ್ರಾಮಾಣಿಕತೆ ಏನೂ ಇರಲಿಲ್ಲ. ಅವರ ಕೆಲಸದ ಒಪ್ಪಂದ ಮುಗಿಯುತ್ತಾ ಬಂದಿತ್ತು, ಹೆಸರಿಗೆ ಒಂದು ಪ್ರಬಂಧ ಬೇಕಿತ್ತು. ಹಣ ಕೊಟ್ಟವರೂ ವರದಿ ಯಾವಾಗ ಎಂದು ಕೇಳುತ್ತಿದ್ದರು.

ತಜ್ಞನ ವಾದ ಬೇರೆ. ಪ್ರಬಂಧದ ಕೊನೆಯ ಪುಟದಲ್ಲಿ ಬರೆಯುವ ಕೊರತೆಗಳನ್ನು ಯಾರೂ ನೆನಪಿಡುವುದಿಲ್ಲ. ಮೊದಲ ಸಾಲಿನ ಅಂಕಿ ಮಾತ್ರ ಉಳಿಯುತ್ತದೆ. ಈ ಸಮುದಾಯದಲ್ಲಿ ಖಿನ್ನತೆ ಕಡಿಮೆ ಎಂದು ಒಮ್ಮೆ ಅಚ್ಚಾದರೆ, ಮುಂದೆ ಅಲ್ಲಿಗೊಬ್ಬ ಕೌನ್ಸೆಲರ್ ಬೇಕು ಎಂದು ಯಾರಾದರೂ ಕೇಳಿದಾಗ ಅದೇ ಕಾಗದ ತೋರಿಸಿ ಇಲ್ಲ ಅನ್ನುತ್ತಾರೆ.

ಮುಖ್ಯಸ್ಥೆ ತಡಮಾಡಲಿಲ್ಲ. ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ವಾಪಸ್ ಪಡೆದರು. ಹಣ ಕೊಟ್ಟವರಿಗೆ ಕಾರಣ ವಿವರಿಸಿ ಬರೆದರು, ಹೆಚ್ಚು ಸಮಯ ಕೇಳಿದರು. ಸಮಯ ಸಿಕ್ಕಿತು, ಹೊಸದಾಗಿ ಹಣ ಸಿಗಲಿಲ್ಲ. ಆ ಕಿರಿಯ ಸಂಶೋಧಕಿ ಕೆಲವು ದಿನಗಳಲ್ಲಿ ಬೇರೆ ಕೆಲಸಕ್ಕೆ ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ಪ್ರಬಂಧಗಳನ್ನು ಎಣಿಸಿ ಕೆಲಸ ಕೊಡುವ ವ್ಯವಸ್ಥೆಯಲ್ಲಿ, ನಿಲ್ಲಿಸಿ ಯೋಚಿಸೋಣ ಎಂಬ ತೀರ್ಮಾನದ ಬೆಲೆಯನ್ನು ಯಾವಾಗಲೂ ಕಿರಿಯರೇ ತೆರುತ್ತಾರೆ. ಇಂಥ ಯೋಜನೆಗಳಲ್ಲಿ ಅದಕ್ಕೆ ಮೊದಲೇ ಏನಾದರೂ ಏರ್ಪಾಟು ಇರಬೇಕು.

ಸೊನ್ನೆ ಯಾಕೆ ಬಂತು

ಆ ಬಡಾವಣೆಯಲ್ಲಿ ವರ್ಷಗಳಿಂದ ಹೆರಿಗೆ ಸಹಾಯ ಮಾಡುತ್ತಾ ಬಂದ ಒಬ್ಬ ಹಿರಿಯ ಹೆಂಗಸಿದ್ದರು. ಅದೇ ಸಮುದಾಯದವರು. ಮುಖ್ಯಸ್ಥೆ ಅವರನ್ನು ಹುಡುಕಿಕೊಂಡು ಹೋಗಿ ಫಲಿತಾಂಶ ಹೇಳಿದರು, ಯಾಕೆ ಹೀಗೆ ಎಂದು ಕೇಳಿದರು.

ಅವರ ಉತ್ತರ ಹೀಗಿತ್ತು: "ಅವರು ನಿಮಗೆ ಮೋಸ ಮಾಡಬೇಕು ಅಂತ ಸುಳ್ಳು ಹೇಳಲಿಲ್ಲ ಡಾಕ್ಟ್ರೇ. ಮಗು ಕೈತಪ್ಪಿ ಹೋಗಬಾರದು ಅಂತ ಹೇಳಿದರು."

ಕೆಲವು ವರ್ಷಗಳ ಹಿಂದೆ ಅದೇ ಬಡಾವಣೆಯ ಒಬ್ಬ ಬಾಣಂತಿ ತನಗೆ ಬದುಕುವುದೇ ಬೇಡ ಅನಿಸುತ್ತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಂಡಿದ್ದಳು. ಅವಳನ್ನು ದಾಖಲು ಮಾಡಿಕೊಂಡರು. ಮಗುವನ್ನು ಮಕ್ಕಳ ರಕ್ಷಣೆಯ ಅಧಿಕಾರಿಗಳು ಒಯ್ದರು. ಅದು ತಾಯಿಯ ಕೈಗೆ ವಾಪಸ್ ಬರಲು ತುಂಬಾ ಕಾಲ ಹಿಡಿಯಿತು. ಯಾಕೆ, ಏನು ಎಂದು ಆ ಮನೆಯವರಿಗೆ ಅವರ ಭಾಷೆಯಲ್ಲಿ ಯಾರೂ ಕೂತು ಹೇಳಲಿಲ್ಲ. ಈ ಸುದ್ದಿ ಬಡಾವಣೆಯ ಪ್ರತಿ ಮನೆಗೂ ಗೊತ್ತು. ಹುಡುಗಿಯರು ಬಸುರಿಯಾದಾಗ ದೊಡ್ಡವರು ಇದನ್ನು ಹೇಳಿಯೇ ಆಸ್ಪತ್ರೆಗೆ ಕಳಿಸುತ್ತಿದ್ದರು.

ಈಗ ತಂಡದ ಫಾರಂ ನೋಡಿ. ಮೇಲೆ ಆಸ್ಪತ್ರೆಯ ಹೆಸರು. ಪಕ್ಕದಲ್ಲಿ ಆಸ್ಪತ್ರೆಯ ದಾಖಲೆಯಲ್ಲಿರುವ ಅದೇ ನೋಂದಣಿ ಸಂಖ್ಯೆ. ಒಪ್ಪಿಗೆ ಪತ್ರದಲ್ಲಿ ಒಂದು ಸಾಲು: ನಿಮ್ಮ ಅಥವಾ ಮಗುವಿನ ಸುರಕ್ಷತೆಯ ಬಗ್ಗೆ ಆತಂಕ ಬಂದರೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬಹುದು. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ ಕೇಳುವ ಸಾಲು ಅದು. ಬರೆದವರಿಗೆ ಅದು ಸುಮ್ನೆ ಒಂದು ನಿಯಮ. ಓದಿಸಿಕೊಂಡ ತಾಯಿಗೆ ಅದು ಬೆದರಿಕೆ. ಪ್ರಶ್ನೆಗಳನ್ನು ತಿಳಿಸಿ ಹೇಳಲು ಪಕ್ಕದಲ್ಲಿ ಅತ್ತೆ. ಇಂಥ ಜಾಗದಲ್ಲಿ ಸೊನ್ನೆ ಬಿಟ್ಟು ಬೇರೆ ಉತ್ತರ ಯಾರು ಕೊಟ್ಟಾರು?

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಸಮುದಾಯದಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ನಾಚಿಕೆ ಜಾಸ್ತಿ, ಅದಕ್ಕೇ ಹೇಳುವುದಿಲ್ಲ ಎಂದು ಹಲವರು ಮೊದಲು ಊಹಿಸಿದ್ದರು. ನಾಚಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದು ಎಲ್ಲ ಸಮುದಾಯಗಳಲ್ಲೂ ಇದೆ. ಆದರೆ ಈ ತಾಯಂದಿರ ಭಯಕ್ಕೆ ಕಣ್ಣೆದುರಿನ ಕಾರಣ ಇತ್ತು. ಅದನ್ನು ಅವರ ಸಂಸ್ಕೃತಿಯ ತಲೆಗೆ ಕಟ್ಟಿದ್ದರೆ, ಸರಿಯಾಗಬೇಕಿದ್ದ ಜಾಗ ಆಸ್ಪತ್ರೆಯೇ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲಿಗೆ ಅದೇ ಸಮುದಾಯದ ಇಬ್ಬರು ಯುವತಿಯರಿಗೆ ತರಬೇತಿ ಕೊಟ್ಟು ಸಂದರ್ಶನಕ್ಕೆ ಕಳಿಸಿದರು. ಇಂಥ ಅಧ್ಯಯನಗಳಲ್ಲಿ ಎಲ್ಲರೂ ಕೊಡುವ ಸಲಹೆ ಇದೇ. ಫಲಿತಾಂಶ ಸುಧಾರಿಸಲಿಲ್ಲ. ಕೆಲವು ಓಣಿಗಳಲ್ಲಿ ಇನ್ನೂ ಕೆಟ್ಟಿತು. ಕಾರಣ ಕೇಳಿದರೆ ತುಂಬಾ ಸರಳ: ಬಡಾವಣೆ ಚಿಕ್ಕದು, ಆ ಯುವತಿ ಯಾರ ಮಗಳು, ಯಾರ ಸೊಸೆ ಎಂದು ಎಲ್ಲರಿಗೂ ಗೊತ್ತು. ಅವಳಿಗೆ ಹೇಳಿದ ಮಾತು ನಾಳೆ ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ ಎಂದು ಏನು ಖಾತ್ರಿ? ಆಸ್ಪತ್ರೆಯ ಭಯದ ಜಾಗದಲ್ಲಿ ನೆರೆಹೊರೆಯ ಭಯ ಬಂದಿತ್ತು. ಕೆಲವು ತಾಯಂದಿರಿಗೆ ಪರಿಚಯವೇ ಇಲ್ಲದ, ಆದರೆ ತಮ್ಮ ಭಾಷೆ ಬಲ್ಲ ಹೊರಗಿನವರು ವಾಸಿ ಅನಿಸುತ್ತಿತ್ತು.

ಆಮೇಲೆ ತಂಡ ತಾಯಂದಿರಿಗೇ ಆಯ್ಕೆ ಬಿಟ್ಟಿತು. ಯಾರ ಜೊತೆ ಮಾತಾಡುತ್ತೀರಿ, ಎಲ್ಲಿ ಮಾತಾಡುತ್ತೀರಿ, ಎದುರಾ ಎದುರೋ ಫೋನಿನಲ್ಲೋ. ಸಂಬಂಧಿಕರು ಭಾಷಾಂತರ ಮಾಡುವುದನ್ನು ಪೂರ್ತಿ ನಿಲ್ಲಿಸಿದರು. ಬೇರೆ ಊರಿನಲ್ಲಿರುವ ದುಭಾಷಿಗಳನ್ನು ಫೋನಿನಲ್ಲಿ ಸೇರಿಸಿಕೊಳ್ಳುವ ಏರ್ಪಾಟು ಮಾಡಿದರು. ತಾಯಿಯೊಬ್ಬಳನ್ನೇ ಮಾತಾಡಿಸಲು ಒಂದು ದಾರಿ ಹುಡುಕಿದರು. ಮಗುವಿನ ತೂಕ ನೋಡುವಾಗ ತಾಯಿ ಮಾತ್ರ ಒಳಗೆ ಬರಬೇಕು ಎಂದು ಎಲ್ಲ ಸಮುದಾಯಗಳಿಗೂ ಒಂದೇ ನಿಯಮ ಮಾಡಿದರು. ಒಬ್ಬರಿಗೆ ಮಾತ್ರ ನಿಯಮ ಮಾಡಿದ್ದರೆ ಅತ್ತೆಯರಿಗೆ ಅನುಮಾನ ಬರುತ್ತಿತ್ತು. ಇದನ್ನು ಸೂಚಿಸಿದ್ದು ಒಬ್ಬ ನರ್ಸ್. ಸಣ್ಣ ಬದಲಾವಣೆ, ಆದರೆ ಅದರಿಂದ ಆದ ಉಪಯೋಗ ದೊಡ್ಡದು.

ಪ್ರಶ್ನಾವಳಿಯನ್ನು ಮುಟ್ಟಲಿಲ್ಲ. ಅದರ ಮೊದಲು ಮಾತ್ರ ಹತ್ತು ನಿಮಿಷದ ಮಾತುಕತೆ ಸೇರಿಸಿದರು. ಎಲ್ಲಿ ನೋಯುತ್ತದೆ, ನಿದ್ದೆ ಹೇಗಿದೆ, ಮಗು ಹಾಲು ಕುಡಿಯುತ್ತದಾ, ಹೀಗೆ. ಮೈ ನೋವಿನಿಂದ ಶುರುವಾದ ಮಾತು ಮನಸ್ಸಿನ ಕಡೆ ತಾನಾಗಿ ಹೊರಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಒಪ್ಪಿಗೆ ಪತ್ರದ ಆ ಒಂದು ಸಾಲು. ಅಧಿಕಾರಿಗಳಿಗೆ ತಿಳಿಸಬಹುದು ಎಂದರೆ ಯಾವಾಗ, ಯಾರಿಗೆ, ಆಮೇಲೆ ಏನಾಗುತ್ತದೆ? ಮುಖ್ಯಸ್ಥೆ ಆಸ್ಪತ್ರೆಯ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯನ್ನು ಕೇಳಿದರು. ಬರೆದಿಟ್ಟ ನಿಯಮ ಎಂಬುದೇ ಇರಲಿಲ್ಲ. ಆ ಹೊತ್ತಿಗೆ ಡ್ಯೂಟಿಯಲ್ಲಿ ಯಾರಿರುತ್ತಾರೋ ಅವರಿಗೆ ತೋಚಿದಂತೆ ನಡೆಯುತ್ತಿತ್ತು. ತೋಚಿದಂತೆ ನಡೆದಾಗ ಅಲ್ಪಸಂಖ್ಯಾತ ತಾಯಂದಿರ ಮೇಲೆ ದೂರು ಹೋಗುವುದು ಜಾಸ್ತಿಯಾಗಿತ್ತು ಎಂಬುದು ಹಳೆಯ ದಾಖಲೆ ನೋಡಿದಾಗ ಗೊತ್ತಾಯಿತು.

ಅಧಿಕಾರಿ, ಮನೋವೈದ್ಯೆ, ವಕೀಲರು, ಆ ಹಿರಿಯ ಹೆಂಗಸು, ಇಬ್ಬರು ತಾಯಂದಿರು ಸೇರಿ ಕೂತು ನಿಯಮ ಬರೆದರು. ಖಿನ್ನತೆ ಇದೆ ಎಂಬ ಕಾರಣಕ್ಕೆ ಮಾತ್ರ ಮಗುವಿನ ಬಗ್ಗೆ ಯಾರಿಗೂ ವರದಿ ಹೋಗುವುದಿಲ್ಲ. ಸಾಯುವ ಯೋಚನೆ ಬಂದಿದೆ ಎಂದು ಹೇಳಿದರೆ ಅವತ್ತೇ ವೈದ್ಯರು ಬಂದು ಮಾತಾಡುತ್ತಾರೆ, ತಾಯಿ ಹೇಳಿದವರನ್ನೇ ಜೊತೆಗೆ ಕರೆಯುತ್ತಾರೆ, ಆದಷ್ಟೂ ಮಗು ತಾಯಿಯ ಹತ್ತಿರವೇ ಇರುತ್ತದೆ. ಮಗುವಿನ ಜೀವಕ್ಕೆ ಈಗಲೇ ಅಪಾಯ ಇದೆ ಎನ್ನುವ ಸಂದರ್ಭಗಳು ಯಾವುವು ಎಂದು ಒಂದೊಂದಾಗಿ ಬರೆದರು. ಅಂಥ ಸಂದರ್ಭದಲ್ಲೂ ಮೊದಲು ತಾಯಿಗೆ, ಅವಳ ಭಾಷೆಯಲ್ಲಿ ಹೇಳಬೇಕು. ಹೆರಿಗೆಯ ನಂತರದ ತೀವ್ರ ಮನೋವಿಕಾರ, ಅಂದರೆ ಇಲ್ಲದ್ದು ಕಾಣುವುದು, ಇಲ್ಲದ ಧ್ವನಿ ಕೇಳುವುದು, ವಾಸ್ತವದ ಅರಿವೇ ತಪ್ಪುವುದು, ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವಂಥದ್ದು. ಅದು ತುರ್ತು ಸ್ಥಿತಿ. ಅದನ್ನೂ ಸಾಮಾನ್ಯ ಖಿನ್ನತೆಯನ್ನೂ ಒಂದೇ ಎಂದು ನೋಡಬಾರದು ಎಂಬುದೂ ನಿಯಮದಲ್ಲಿ ಸೇರಿತು. ಒಪ್ಪಿಗೆ ಪತ್ರಕ್ಕೆ ಇವನ್ನೆಲ್ಲ ಸರಳ ಮಾತಿನಲ್ಲಿ ಹಾಕಿದರು. ಸಂಶೋಧನೆಯ ಫಾರಂನಿಂದ ಆಸ್ಪತ್ರೆಯ ನೋಂದಣಿ ಸಂಖ್ಯೆ ತೆಗೆದರು.

ಕೊನೆಯ ಬದಲಾವಣೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಪ್ರಶ್ನೆ ಕೇಳುವ ಮೊದಲೇ ಆರೈಕೆ ಸಿದ್ಧವಿರಬೇಕು ಎಂದು ತಂಡ ತೀರ್ಮಾನಿಸಿತು. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಅವರಿಗೆ ಧೈರ್ಯ ಕೊಟ್ಟಿತು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮನೆ ಮನೆಗೆ ಹೋಗುವ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ಮಾತಿನ ಚಿಕಿತ್ಸೆ ಕಲಿಸಿದ್ದರು. ಆರು ತಿಂಗಳ ನಂತರ ಅವರ ಆರೈಕೆ ಸಿಕ್ಕ ತಾಯಂದಿರಲ್ಲಿ ಶೇ. 23 ಮಂದಿಗೆ ಖಿನ್ನತೆ ಉಳಿದಿತ್ತು. ಆ ಆರೈಕೆ ಸಿಗದ ಗುಂಪಿನಲ್ಲಿ ಶೇ. 53. ವಿಶ್ವ ಆರೋಗ್ಯ ಸಂಸ್ಥೆ ಆ ವಿಧಾನದ ಕೈಪಿಡಿಯನ್ನೂ ಹೊರತಂದಿದೆ. ಅದನ್ನು ಆಧಾರವಾಗಿಟ್ಟುಕೊಂಡು ಬಡಾವಣೆಯ ಕೆಲವು ಹೆಂಗಸರಿಗೆ ಮನೆ ಭೇಟಿಯ ತರಬೇತಿ ಕೊಟ್ಟರು. ಅವರ ಕೈಯಲ್ಲಿ ಫಾರಂ ಇರಲಿಲ್ಲ. ಅವರು ಯಾರಿಗೂ ಅಂಕ ಹಾಕುತ್ತಿರಲಿಲ್ಲ. ಗುಟ್ಟು ಕಾಯುವುದು ತರಬೇತಿಯ ಮೊದಲ ಪಾಠವಾಗಿತ್ತು. ನೆರೆಯವಳೇ ಆದ ಕಾರ್ಯಕರ್ತೆ ತನ್ನನ್ನು ನೋಡಲು ಬರಬೇಕೋ ಬೇಡವೋ ಎಂಬುದನ್ನೂ ಆಯಾ ತಾಯಿಯೇ ಹೇಳುತ್ತಿದ್ದಳು.

ಹತ್ತನೇ ಪ್ರಶ್ನೆಗೆ ಬಂದ ಉತ್ತರ

ಮೊದಲ ಸುತ್ತಿನಲ್ಲಿ ಎಲ್ಲಕ್ಕೂ ಸೊನ್ನೆ ಹೇಳಿದ್ದ ಒಬ್ಬ ತಾಯಿ ಹೊಸ ಸುತ್ತಿನಲ್ಲಿ ಮತ್ತೆ ಮಾತಿಗೆ ಒಪ್ಪಿದಳು. ಅವಳು ಆರಿಸಿಕೊಂಡದ್ದು ಫೋನ್ ಮತ್ತು ಪರಿಚಯವಿಲ್ಲದ ಸಂದರ್ಶಕಿಯನ್ನು. ಶುರು ಮಾಡುವ ಮೊದಲು ಸಂದರ್ಶಕಿ ಹೊಸ ನಿಯಮಗಳನ್ನು ಪೂರ್ತಿ ಓದಿ ಹೇಳಿದರು. ತಾಯಿ ಒಂದು ಸಾಲನ್ನು ಮತ್ತೊಮ್ಮೆ ಓದಿಸಿಕೊಂಡಳು, ಖಿನ್ನತೆ ಇದ್ದ ಮಾತ್ರಕ್ಕೆ ಮಗುವಿನ ಬಗ್ಗೆ ವರದಿ ಹೋಗುವುದಿಲ್ಲ ಎಂಬ ಸಾಲನ್ನು. ಹತ್ತನೇ ಪ್ರಶ್ನೆ ಬಂದಾಗ, ಹೌದು, ಆಗಾಗ ಬರುತ್ತದೆ ಎಂದಳು.

ಆಮೇಲೆ ನಡೆದದ್ದೆಲ್ಲ ಬರೆದಿಟ್ಟ ಪ್ರಕಾರವೇ ನಡೆಯಿತು. ಸಂದರ್ಶಕಿ ಫೋನ್ ಇಡಲಿಲ್ಲ. ಯೋಚನೆ ಮಾತ್ರವಾ, ಹೇಗೆ ಎಂದು ಏನಾದರೂ ತೀರ್ಮಾನಿಸಿದ್ದೀರಾ, ಈಗ ಮನೆಯಲ್ಲಿ ಯಾರಿದ್ದಾರೆ ಎಂದು ನೇರವಾಗಿ, ಸಮಾಧಾನದಿಂದ ಕೇಳಿದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಮನಸ್ಸು ಹಗುರವಾಗುವುದೇ ಹೆಚ್ಚು. ಇನ್ನೊಂದು ಫೋನಿನಲ್ಲಿ ಮನೋವೈದ್ಯೆಗೆ ಸುದ್ದಿ ಹೋಯಿತು. ತಾಯಿ ತನ್ನ ಅಕ್ಕನನ್ನು ಕರೆಯಿರಿ ಎಂದಳು, ಗಂಡನಿಗೆ ತಾನೇ ಹೇಳುತ್ತೇನೆ ಎಂದಳು. ಅವತ್ತೇ ಸಂಜೆ ಮನೋವೈದ್ಯೆ ಅವಳನ್ನು ನೋಡಿದರು. ಮಗು ಅವಳ ತೊಡೆಯ ಮೇಲೇ ಇತ್ತು. ಹಾಲೂಡಿಸುವ ತಾಯಂದಿರಿಗೆ ಕೊಡಬಹುದಾದ ಔಷಧಿ ಶುರುವಾಯಿತು. ಕೆಲವು ವಾರ ಅಕ್ಕ ಜೊತೆಗೆ ಉಳಿದಳು. ಮನೆ ಭೇಟಿಯೂ ನಡೆಯಿತು. ಅವಳು ನಿಧಾನಕ್ಕೆ ಚೇತರಿಸಿಕೊಂಡಳು.

ಈ ವಿಷಯವನ್ನು ತಂಡ ಯಾರಿಗೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಹೇಳಿದ್ದು ಅವಳೇ, ತನಗೆ ಬೇಕಾದವರಿಗೆ, ತನಗೆ ಸರಿ ಅನಿಸಿದಾಗ. ಹೇಳಿಕೊಂಡೆ, ಮಗು ನನ್ನ ಹತ್ತಿರವೇ ಇದೆ ಎಂದು. ಹಳೆಯ ಸುದ್ದಿ ಮನೆಯಿಂದ ಮನೆಗೆ ಹರಡಿದ ದಾರಿಯಲ್ಲೇ ಇದೂ ಹರಡಿತು. ಆಮೇಲಿನ ವಾರಗಳಲ್ಲಿ ಸಂದರ್ಶನಕ್ಕೆ ತಾವಾಗಿ ಹೆಸರು ಕೊಟ್ಟು ಬಂದವರಿದ್ದರು.

ಫಲಿತಾಂಶ

ಎಲ್ಲ ಸೊನ್ನೆ ಇದ್ದ ಫಾರಂಗಳು ತುಂಬಾ ಕಡಿಮೆಯಾದವು. ಅಲ್ಪಸಂಖ್ಯಾತ ತಾಯಂದಿರಲ್ಲಿ ಖಿನ್ನತೆಯ ಸಾಧ್ಯತೆ ಬಹುಸಂಖ್ಯಾತ ತಾಯಂದಿರಿಗಿಂತ ಹೆಚ್ಚಾಗಿ ಕಂಡಿತು. ಮೊದಲ ಸುತ್ತಿನ ಚಿತ್ರ ಪೂರ್ತಿ ತಿರುಗಿತ್ತು.

ತಜ್ಞ ಇದನ್ನೂ ಹಾಗೇ ನಂಬಲು ಒಪ್ಪಲಿಲ್ಲ. ಅದು ನನಗೆ ಇಷ್ಟವಾಯಿತು. ಅಷ್ಟು ಕಾಳಜಿಯಿಂದ ಕೇಳಿದಾಗ ಜನ ಸಂಕಟವನ್ನು ಹೆಚ್ಚು ಮಾಡಿ ಹೇಳಿರಬಹುದಲ್ಲ ಎಂಬುದು ಅವನ ಪ್ರಶ್ನೆ. ಅದಕ್ಕೆ ಎರಡೂ ಗುಂಪಿನಿಂದ ಕೆಲವು ತಾಯಂದಿರನ್ನು ಆರಿಸಿ, ಅವರ ಅಂಕ ಗೊತ್ತಿಲ್ಲದ ಮನೋವೈದ್ಯರಿಂದ ಪೂರ್ತಿ ಸಂದರ್ಶನ ಮಾಡಿಸಿದರು. ಹೊಸ ಸುತ್ತಿನ ಅಂಕಗಳು ವೈದ್ಯರ ತೀರ್ಮಾನಕ್ಕೆ ಚೆನ್ನಾಗಿ ಹೊಂದಿದವು. ಹಳೆಯ ಸುತ್ತಿನ ಡೇಟಾವನ್ನು ಹೊಸದರ ಜೊತೆ ಸೇರಿಸುವುದಿಲ್ಲ ಎಂದು ತಂಡ ತೀರ್ಮಾನಿಸಿತು. ಹಾಗಾಗಿ ಕೊನೆಗೆ ಉಳಿದ ತಾಯಂದಿರ ಸಂಖ್ಯೆ ಮೊದಲು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ಪ್ರಬಂಧ ತಡವಾಗಿ, ಚಿಕ್ಕದಾಗಿ ಬಂತು. ಮೊದಲ ಸುತ್ತಿನಲ್ಲಿ ಏನಾಯಿತು ಎಂಬುದನ್ನೂ ಅದರಲ್ಲಿ ಮುಚ್ಚಿಡದೆ ಬರೆದರು.

ಬಗೆಹರಿಯದ್ದೂ ಇದೆ. ಕಾಗದಪತ್ರ ಇಲ್ಲದ ಕಾರಣ ಆಸ್ಪತ್ರೆಗೇ ಬರದೆ ಹೆರಿಗೆ ಮಾಡಿಸಿಕೊಳ್ಳುವ ತಾಯಂದಿರು ಈ ಅಧ್ಯಯನದಲ್ಲಿ ಇಲ್ಲ. ಅವರ ಕಷ್ಟ ಇನ್ನೂ ದೊಡ್ಡದಿರಬಹುದು. ಮನೆಯಲ್ಲಿ ಹೊಡೆತ ತಿನ್ನುವವರ ವಿಷಯಕ್ಕೆ ಬಂದರೆ, ಅದನ್ನು ಕೇಳಿದ ಮೇಲೆ ಅವರಿಗೆ ಕೊಡಲು ಸುರಕ್ಷಿತ ಜಾಗ ನಗರದಲ್ಲಿ ಸಾಕಷ್ಟು ಇರಲಿಲ್ಲ. ಆ ಏರ್ಪಾಟು ಆಗುವವರೆಗೆ ಆ ಪ್ರಶ್ನೆಗಳನ್ನು ಕೇಳುವುದಿಲ್ಲ ಎಂದು ತಂಡ ತೀರ್ಮಾನಿಸಿತು. ಇದರ ಬಗ್ಗೆ ನಮ್ಮ ಸಮಿತಿಯಲ್ಲಿ ಒಮ್ಮತ ಬರಲಿಲ್ಲ. ಕೇಳದಿದ್ದರೆ ಕಷ್ಟ ಕಾಣುವುದಿಲ್ಲ, ಕಾಣದಿದ್ದರೆ ಜಾಗಕ್ಕೆ ಹಣವೂ ಬರುವುದಿಲ್ಲ ಎಂದು ಕೆಲವರು ವಾದಿಸಿದರು. ಅವರ ಮಾತನ್ನೂ ತಳ್ಳಿಹಾಕಲಾಗುವುದಿಲ್ಲ. ನಾನು ತಂಡದ ತೀರ್ಮಾನದ ಪರ ಇದ್ದೆ, ಈಗಲೂ ಇದ್ದೇನೆ.

ಇಂಥ ಕೆಲಸಕ್ಕೆ ಹೊರಡುವವರಿಗೆ

ಯಾರಾದರೂ ಇಂಥ ಅಧ್ಯಯನದ ಯೋಜನೆ ನನಗೆ ತೋರಿಸಿದರೆ ನಾನೀಗ ಪ್ರಶ್ನಾವಳಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಕೇಳುವುದು ಇಷ್ಟು: ತಾಯಿ ಹೌದು ಎಂದ ಮರುಗಳಿಗೆ ಏನಾಗುತ್ತದೆ? ರಜಾ ದಿನ ಸಂಜೆ ಹೌದು ಎಂದರೆ ಯಾರ ಫೋನ್ ರಿಂಗ್ ಆಗುತ್ತದೆ? ಆ ಆಸ್ಪತ್ರೆಯ ಬಗ್ಗೆ ಆ ಜನ ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ, ಅದನ್ನು ಕೇಳಿಸಿಕೊಂಡಿದ್ದೀರಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಬರುವ ಅಂಕಿ ತಾಯಂದಿರ ಮನಸ್ಸನ್ನು ತೋರಿಸುವುದಿಲ್ಲ. ಅವರಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಎರಡು ಸಮುದಾಯಗಳನ್ನು ಹೋಲಿಸುವಾಗ ಈ ನಂಬಿಕೆ ಎರಡೂ ಕಡೆ ಒಂದೇ ಅಳತೆಯಲ್ಲಿರುವುದಿಲ್ಲ. ಹಾಗಾಗಿ ಒಂದೇ ಫಾರಂ ಇಬ್ಬರಿಗೂ ಕೊಟ್ಟೆವು ಎಂದ ಮಾತ್ರಕ್ಕೆ ಹೋಲಿಕೆ ಸಮವಾಗುವುದಿಲ್ಲ.

ಹಾಗೆಯೇ, ಸಮುದಾಯದವರನ್ನು ಸೇರಿಸಿಕೊಂಡೆವು ಎಂದು ಇಬ್ಬರು ಸಂದರ್ಶಕಿಯರನ್ನು ನೇಮಿಸಿದರೆ ಸಾಲದು. ಅಲ್ಲಿ ಕೆಲಸ ಕೆಟ್ಟದ್ದು ಆ ಯುವತಿಯರಿಂದಲ್ಲ. ತೀರ್ಮಾನ ಮಾಡುವ ಮೇಜಿನ ಮುಂದೆ ಆ ಸಮುದಾಯದವರು ಕೂತ ಮೇಲೆ, ಅಂದರೆ ನಿಯಮ ಬರೆಯುವಾಗ, ಪರಿಸ್ಥಿತಿ ಬದಲಾಯಿತು. ಹಿರಿಯ ಹೆಂಗಸಿಗೂ ಆ ಇಬ್ಬರು ತಾಯಂದಿರಿಗೂ ತಂಡ ಉಳಿದ ಸಲಹೆಗಾರರಷ್ಟೇ ಗೌರವಧನ ಕೊಟ್ಟಿತು. ಅದನ್ನೂ ಯೋಜನೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಮಕ್ಕಳ ಸುರಕ್ಷತೆಯ ಆ ನಿಯಮ ಈಗ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲೂ ಜಾರಿಯಲ್ಲಿದೆ. ಸಂಶೋಧನೆಯಲ್ಲಿ ಇಲ್ಲದ ತಾಯಂದಿರಿಗೂ ಅದೇ ಅನ್ವಯ. ಮನೆ ಭೇಟಿಯ ಕಾರ್ಯಕರ್ತೆಯರ ಸಂಬಳ ಮಾತ್ರ ಸಂಶೋಧನೆಯ ಹಣದ ಜೊತೆಗೇ ನಿಂತಿತು. ಕೆಲಸವನ್ನು ಕಾಯಂ ಮಾಡಬೇಕು ಎಂದು ಮುಖ್ಯಸ್ಥೆ ಆಸ್ಪತ್ರೆಯ ಆಡಳಿತಕ್ಕೆ ಬರೆದುಕೊಟ್ಟಿದ್ದಾರೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅವರಲ್ಲಿ ಇಬ್ಬರಿಗೆ ಬೇರೊಂದು ಯೋಜನೆಯಿಂದ ಅರ್ಧ ಸಂಬಳ ಸಿಗುತ್ತಿದೆ. ಅವರು ಪೂರ್ತಿ ಕೆಲಸ ಮಾಡುತ್ತಿದ್ದಾರೆ.